ಪೆಟ್ಟಿಗೆ ತೂಗಿದ್ದಾಯಿತು, ಕಾಗದ ನೋಡಿದ್ದೀರಾ?

ನಮ್ಮ ಕರಾವಳಿಯ ಯಾವ ಪೇಟೆಗೇ ಹೋಗಿ, ಜೀನಸಿ ಅಂಗಡಿಯಲ್ಲಿ ಅಕ್ಕಿ ಬೇಳೆ ತೂಗುವ ಯಂತ್ರದ ಮೇಲೆ ಸಂಜೆ ಹೊತ್ತು ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಏರಿ ಕೂತಿರುವುದನ್ನು ಕಾಣಬಹುದು. ಸುತ್ತಲೂ ಹುರಿಹಗ್ಗ, ನಾಲ್ಕೂ ಮಗ್ಗುಲಿಗೆ ದಪ್ಪ ಅಕ್ಷರದಲ್ಲಿ ಹೆಸರು, ಅದರ ಕೆಳಗೆ ದುಬೈ, ದೋಹಾ ಇಲ್ಲವೇ ಮಸ್ಕತ್. "ಮೂವತ್ತೊಂದೂವರೆ ಉಂಟು ಮಾರಾಯ್ರೇ, ಒಂದೂವರೆ ಕಿಲೋ ಇಳಿಸಿ" ಅಂತಾರೆ ಅಂಗಡಿಯವರು. ತಕ್ಷಣ ಅಲ್ಲೇ ಪಂಚಾಯಿತಿಕೆ ಶುರು. ಮಿಡಿ ಉಪ್ಪಿನಕಾಯಿ ತೆಗೆಯಲು ತಾಯಿ ಒಪ್ಪುವುದಿಲ್ಲ, ಹೊಸ ಬೂಟ್ಸು ತೆಗೆಯಲು ಮಗ ಒಪ್ಪುವುದಿಲ್ಲ. ಕೊನೆಗೆ ಕುಚ್ಚಿಗೆ ಅಕ್ಕಿಯ ಚೀಲ ಬಡಪಾಯಿಯಂತೆ ಹೊರಗೆ ಬೀಳುತ್ತದೆ.

ಚಂದದ ನೋಟವೇ, ಸಂಶಯವಿಲ್ಲ. ಆದರೆ ಒಂದು ಮಾತು ಕೇಳಬೇಕಾಗಿದೆ. ಪೆಟ್ಟಿಗೆಯ ಸುತ್ತ ನಿಂತ ಏಳೆಂಟು ಜನರಲ್ಲಿ ಆ ಹುಡುಗನ ವೀಸಾ ಕಾಗದವನ್ನು ಪೂರ್ತಿ ಓದಿದವರು ಎಷ್ಟು ಮಂದಿ? ಟಿಕೆಟ್ಟಿನ ಹೆಸರೂ ಪಾಸ್‌ಪೋರ್ಟಿನ ಹೆಸರೂ ಅಕ್ಷರಕ್ಕೆ ಅಕ್ಷರ ಕೂಡುತ್ತದೆಯೇ ಎಂದು ನೋಡಿದವರು ಯಾರು? ಒಂದು ಕಿಲೋ ಹೆಚ್ಚಾದರೆ ವಿಮಾನ ನಿಲ್ದಾಣದಲ್ಲಿ ದಂಡ ಕಟ್ಟಬಹುದು, ಇಲ್ಲವೇ ಹಪ್ಪಳ ಬಿಟ್ಟು ಹೋಗಬಹುದು. ಕಾಗದದಲ್ಲಿ ಒಂದು ಅಕ್ಷರ ತಪ್ಪಿದರೆ ಹುಡುಗನೇ ಇಲ್ಲಿ ಉಳಿಯಬೇಕಾದೀತು. ಅದಕ್ಕಿಂತ ಕೆಟ್ಟದ್ದೆಂದರೆ, ಹೋಗಿ ಅಲ್ಲಿ ಸಿಕ್ಕಿಬೀಳಬೇಕಾದೀತು. ಊಟಕ್ಕಿಲ್ಲದ ಉಪ್ಪಿನಕಾಯಿ ಎಂಬ ಗಾದೆ ಇಂಥಲ್ಲೇ ನೆನಪಾಗುವುದು.

ಬೊಂಬಾಯಿ ದಾರಿಯ ಕಾಲ

1973ರಲ್ಲಿ ತೈಲದ ಬೆಲೆ ಏರಿ ಕೊಲ್ಲಿಯ ಊರುಗಳಲ್ಲಿ ಕಟ್ಟಡಗಳು ಏಳತೊಡಗಿದ ಮೇಲೆ ನಮ್ಮ ಕಡೆಯ ಹುಡುಗರು ಅತ್ತ ಹೊರಟರು. ಆಗ ಮಂಗಳೂರಿನಿಂದ ನೇರ ವಿಮಾನ ಎಲ್ಲಿಯದು? ಬೊಂಬಾಯಿಗೆ ಬಸ್ಸು ಹತ್ತಬೇಕು. ಅಲ್ಲಿ ಹೊಟೇಲಿನಲ್ಲಿ ದುಡಿಯುವ ಊರಿನವರ ಕೋಣೆಯಲ್ಲಿ ಚಾಪೆ ಹಾಸಿ ವಾರಗಟ್ಟಲೆ ಕಾಯಬೇಕು. ಒಂದು ಕಾಲದಲ್ಲಂತೂ ವಿದೇಶಕ್ಕೆ ಹೊರಟ ಭಾರತೀಯನ ಕೈಗೆ ಸರಕಾರ ಕೊಡುತ್ತಿದ್ದದ್ದು ಬರೀ 8 ಡಾಲರು. ಕಷ್ಟವೇನೋ ಹೌದು. ಆದರೆ ಕಾಯುವ ಆ ದಿನಗಳಲ್ಲಿ ಕಾಗದವನ್ನು ನಾಲ್ಕು ಜನ ಓದುತ್ತಿದ್ದರು. "ಇದು ಸರಿ ಇಲ್ಲ ತಮ್ಮಾ, ಹೋಗಬೇಡ" ಎಂದು ಹೇಳುವ ಅನುಭವಸ್ಥರು ಅಲ್ಲಿದ್ದರು.

2006ರ ಅಕ್ಟೋಬರಿನಲ್ಲಿ ಮಂಗಳೂರಿನಿಂದ ದುಬೈಗೆ ನೇರ ವಿಮಾನ ಶುರುವಾಯಿತು. 2010ರ ಮೇ ತಿಂಗಳಲ್ಲಿ ಕೆಂಜಾರಿನಲ್ಲಿ ಹೊಸ ಟರ್ಮಿನಲ್ ಎದ್ದಿತು. ಈಗ ರಾತ್ರಿ ಮನೆಯಲ್ಲಿ ಗಂಜಿ ಊಟ ಮಾಡಿದವನು ಬೆಳಗಿನ ಚಹಾ ದುಬೈಯಲ್ಲಿ ಕುಡಿಯುತ್ತಾನೆ. ದಾರಿ ಹತ್ತಿರವಾಯಿತು, ಒಳ್ಳೆಯದೇ. ಆದರೆ ಕಾಗದ ನೋಡಲು ಸಿಗುತ್ತಿದ್ದ ವ್ಯವಧಾನ ಹೋಯಿತು. ವೀಸಾ ಮೊಬೈಲಿಗೆ ಬರುತ್ತದೆ, ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟು ತೆಗೆದು ಮಡಚಿ ಕಿಸೆಗೆ ಹಾಕಿದರೆ ಮುಗಿಯಿತು. ಓದುವ ಗೋಜಿಗೆ ಯಾರೂ ಹೋಗುವುದಿಲ್ಲ.

ಹೆಸರಿನ ಫಜೀತಿ

ಮೊದಲು ಹೆಸರಿನ ವಿಷಯ. ನಮ್ಮಲ್ಲಿ ಇನಿಶಿಯಲ್ ಹಾಕುವವರು ಬಹಳ, ಮನೆತನದ ಹೆಸರು ಬಳಸದವರೂ ಬಹಳ. ಪಾಸ್‌ಪೋರ್ಟಿನಲ್ಲಿ ಬರೀ ಒಂದೇ ಹೆಸರು, ಸರ್‌ನೇಮ್ ಜಾಗ ಖಾಲಿ. ಇಲ್ಲಿ ಅದರಿಂದ ತೊಂದರೆ ಇಲ್ಲ. ಆದರೆ 2022ರ ನವೆಂಬರಿನಿಂದ ಯುಎಇ ದೇಶವು ಇಂಥ ಒಂಟಿ ಹೆಸರಿನವರಿಗೆ ಭೇಟಿ ವೀಸಾದ ಮೇಲೆ ಪ್ರವೇಶ ಇಲ್ಲವೆಂದು ವಿಮಾನ ಕಂಪೆನಿಗಳಿಗೆ ತಿಳಿಸಿತು. ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಇಲ್ಲವೇ ಮನೆತನದ ಹೆಸರಿದ್ದರೆ ಒಪ್ಪುತ್ತೇವೆ ಎಂಬ ವಿವರಣೆ ಆಮೇಲೆ ಬಂತು. ಮಗಳ ಬಾಣಂತನಕ್ಕೆಂದು ಹೊರಟ ಹಿರಿಯ ತಾಯಂದಿರ ಪಾಸ್‌ಪೋರ್ಟನ್ನು ಈ ದೃಷ್ಟಿಯಿಂದ ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಎರಡನೆಯದು ಅವಧಿ. ಪಾಸ್‌ಪೋರ್ಟು ಇನ್ನೂ ನಾಲ್ಕು ತಿಂಗಳು ಇದೆಯಲ್ಲ ಎಂದು ಸುಮ್ಮನಿರುವಂತಿಲ್ಲ. ಅನೇಕ ದೇಶಗಳು ಅಲ್ಲಿ ಇಳಿಯುವ ದಿನದಿಂದ ಕನಿಷ್ಠ 6 ತಿಂಗಳ ಅವಧಿ ಬಾಕಿ ಇರಬೇಕು ಎನ್ನುತ್ತವೆ. ಈ ಸಂಗತಿ ಹೊರಡುವ ಹಿಂದಿನ ದಿನ ಗೊತ್ತಾದರೆ ಯಾರೇನು ಮಾಡಲಿಕ್ಕಾಗುತ್ತದೆ? ತತ್ಕಾಲ್ ವ್ಯವಸ್ಥೆಯಲ್ಲಿ ಮಾಮೂಲಿ ಶುಲ್ಕದ ಮೇಲೆ 2000 ರೂ. ಹೆಚ್ಚು ಕಟ್ಟಿದರೂ ಒಂದೇ ರಾತ್ರಿಯಲ್ಲಿ ಪಾಸ್‌ಪೋರ್ಟು ಹುಟ್ಟುವುದಿಲ್ಲ. ಟಿಕೆಟ್ಟು ತೆಗೆಯುವ ಮೊದಲೇ ನೋಡಿಕೊಳ್ಳಬೇಕಾದ ಮಾತು ಇದು.

ಹೇಳಿದ್ದೊಂದು, ಬರೆದದ್ದೊಂದು

ಎಲ್ಲಕ್ಕಿಂತ ಮುಖ್ಯವಾದದ್ದು ವೀಸಾದ ಬಗೆ. "ಈಗ ವಿಸಿಟ್ ವೀಸಾದಲ್ಲಿ ಬಾ, ಅಲ್ಲಿ ಬಂದ ಮೇಲೆ ಕೆಲಸದ ವೀಸಾ ಮಾಡಿಸಿಕೊಡುತ್ತೇನೆ" ಎಂಬ ಮಾತು ಈಗ ಪೇಟೆ ಪೇಟೆಯಲ್ಲೂ ಕೇಳುತ್ತದೆ. ಸ್ವಾಮೀ, ಭೇಟಿ ವೀಸಾದಲ್ಲಿ ದುಡಿಯುವುದು ಅಲ್ಲಿನ ಕಾನೂನಿನಲ್ಲಿ ಅಪರಾಧ. ಸಿಕ್ಕಿಬಿದ್ದರೆ ಜೈಲು, ದಂಡ, ಗಡೀಪಾರು. ಸಿಕ್ಕದಿದ್ದರೂ ಸಂಬಳ ಕೊಡದ ಧಣಿಯ ಮೇಲೆ ದೂರು ಕೊಡುವ ಹಕ್ಕೇ ಇರುವುದಿಲ್ಲ. ಯಾವ ಬಾಯಿಯಲ್ಲಿ ದೂರು ಕೊಡುವುದು?

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿನಲ್ಲಿ ಇಸಿಆರ್ ಎಂಬ ಮುದ್ರೆ ಇರುತ್ತದೆ. ಅಂಥವರು ಸೌದಿ, ಕುವೈತ್, ಖತಾರ್, ಒಮಾನ್, ಬಹರೈನ್, ಯುಎಇ, ಮಲೇಶಿಯಾ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗುವುದಾದರೆ 1983ರ ವಲಸೆ ಕಾಯ್ದೆಯಡಿ ಸರಕಾರದ ಅನುಮತಿ ಬೇಕು. ಇ-ಮೈಗ್ರೇಟ್ ಎಂಬ ಸರಕಾರಿ ವ್ಯವಸ್ಥೆಯ ಮೂಲಕ ಅದು ಸಿಗುತ್ತದೆ. ಅನುಮತಿಯ ಜೊತೆ 10 ಲಕ್ಷ ರೂ. ವಿಮೆಯೂ ಕಡ್ಡಾಯ. ಇದರ ಕಂತು ಎಷ್ಟು ಗೊತ್ತೇ? ಎರಡು ವರ್ಷಕ್ಕೆ 275 ರೂ., ಮೂರು ವರ್ಷಕ್ಕೆ 375 ರೂ. ಒಂದು ಪೊಟ್ಟಣ ಬಾದಾಮಿಯ ಬೆಲೆ! ಈ ಅನುಮತಿ ತಪ್ಪಿಸಲೆಂದೇ ಕೆಲವು ದಲ್ಲಾಳಿಗಳು ಭೇಟಿ ವೀಸಾದ ಕಳ್ಳದಾರಿ ತೋರಿಸುತ್ತಾರೆ. ಅನುಮತಿ ತಪ್ಪಿತೆಂದರೆ ವಿಮೆಯೂ ತಪ್ಪಿತು ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ವಸತಿ ಕಟ್ಟಡಕ್ಕೆ ಬೆಂಕಿ ಬಿದ್ದು 45 ಮಂದಿ ಭಾರತೀಯರು ತೀರಿಕೊಂಡರು. ನಮ್ಮ ಕಲಬುರಗಿ ಜಿಲ್ಲೆಯವರೊಬ್ಬರೂ ಅದರಲ್ಲಿದ್ದರು. ಸಾವು ಹೇಳಿ ಕೇಳಿ ಬರುವುದಿಲ್ಲ. ಹೊರಡುವ ಸಡಗರದಲ್ಲಿ ಇಂಥ ಮಾತು ಅಪಶಕುನ ಎನಿಸಬಹುದು, ಆದರೆ ವಿಮೆಯ ಕಾಗದ ಮನೆಯವರ ಕೈಯಲ್ಲಿರಬೇಕು ಎನ್ನುವುದು ಇದೇ ಕಾರಣಕ್ಕೆ.

ವೀಸಾ ಅರಬ್ಬಿಯಲ್ಲಿದ್ದರೆ ಓದಬಲ್ಲವರಿಂದ ಓದಿಸಿಕೊಳ್ಳಿ. ನಮ್ಮ ಊರುಗಳಲ್ಲಿ ಅರಬ್ಬಿ ಬಲ್ಲವರಿಗೆ ಬರವಿಲ್ಲ. ಬಾಯಿಮಾತಿನಲ್ಲಿ ಅಂಗಡಿಯ ಸೇಲ್ಸ್‌ಮನ್, ಕಾಗದದಲ್ಲಿ ಮನೆಗೆಲಸದಾಳು ಎಂದಿದ್ದರೆ ಅಲ್ಲಿ ನಡೆಯುವುದು ಕಾಗದವೇ. ಸಂಬಳ ಎಷ್ಟು, ಎಷ್ಟು ಗಂಟೆ ಕೆಲಸ, ರಜೆಯ ಟಿಕೆಟ್ಟು ಯಾರದು, ಇರಲು ಜಾಗ ಯಾರು ಕೊಡುವುದು? ಈ ನಾಲ್ಕೂ ಕರಾರುಪತ್ರದಲ್ಲಿ ಇರಲೇಬೇಕು.

ಏಜೆಂಟರ ವಿಷಯಕ್ಕೂ ಒಂದು ಮಾತು. ಲೈಸೆನ್ಸ್ ಉಳ್ಳ ಏಜೆಂಟರ ಪಟ್ಟಿ ಇ-ಮೈಗ್ರೇಟಿನಲ್ಲೇ ಇದೆ, ಯಾರು ಬೇಕಾದರೂ ನೋಡಬಹುದು. ಅವರು ತೆಗೆದುಕೊಳ್ಳಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂ., ಅದರ ಮೇಲೆ ಜಿಎಸ್‌ಟಿ. ರಸೀದಿ ಕೊಡಲೇಬೇಕು. ಹೀಗಿರುವಾಗ ಹೆಂಡತಿಯ ಕರಿಮಣಿ ಬಿಟ್ಟು ಮಿಕ್ಕ ಚಿನ್ನವನ್ನೆಲ್ಲ ಅಡವಿಟ್ಟು, ಲಕ್ಷಗಟ್ಟಲೆ ರೂಪಾಯಿಯನ್ನು ರಸೀದಿ ಇಲ್ಲದೆ ಯಾರದೋ ಕೈಗೆ ಸುರಿಯುವುದೆಂದರೆ ಏನರ್ಥ? ಐವತ್ತು ರೂಪಾಯಿಯ ಬಲ್ಬಿಗೆ ಬಿಲ್ಲು ಕೇಳುವ ಜನ ನಾವು!

ಇದು ಬರೀ ಕೊಲ್ಲಿಯ ಕಥೆ ಎಂದುಕೊಳ್ಳಬೇಡಿ. ಥಾಯ್ಲೆಂಡಿನಲ್ಲಿ ಕಂಪ್ಯೂಟರ್ ಕೆಲಸ ಎಂದು ನಂಬಿಸಿ, ಗಡಿ ದಾಟಿಸಿ ಮ್ಯಾನ್ಮಾರಿಗೆ ಒಯ್ದು, ಸೈಬರ್ ವಂಚನೆಯ ಅಡ್ಡೆಗಳಲ್ಲಿ ಕೂಡಿಹಾಕಿದ್ದ 500ಕ್ಕೂ ಹೆಚ್ಚು ಭಾರತೀಯರನ್ನು 2025ರ ಮಾರ್ಚಿನಲ್ಲಿ ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಓದಿದ ಹುಡುಗರೂ ಇಂಥ ಬಲೆಗೆ ಬೀಳುತ್ತಾರೆ. ಓದು ಬೇರೆ, ಕಾಗದ ಓದುವುದು ಬೇರೆ.

"ಇದೊಂದು ಸಣ್ಣ ಕಟ್ಟು..."

ಇನ್ನು ಪೆಟ್ಟಿಗೆಯ ಒಳಗೆ ಇಣುಕೋಣ. ಹೊರಡುವ ಸಂಜೆ ಮನೆಗೆ ನೆಂಟರು, ನೆರೆಯವರು ಬರುತ್ತಾರೆ. "ಇದೊಂದು ಸಣ್ಣ ಕಟ್ಟು ಉಂಟು, ನಮ್ಮ ತಮ್ಮನಿಗೆ ತಲುಪಿಸಿ ಬಿಡು ಮಗಾ, ಬರೀ ಹಲ್ವ" ಅಂತಾರೆ. ಇಲ್ಲ ಎನ್ನಲು ದಾಕ್ಷಿಣ್ಯ. ಮುಂಬಯಿಯ ದಂಪತಿಗಳಿಬ್ಬರು 2019ರಲ್ಲಿ ಖತಾರಿಗೆ ಹೋದಾಗ ಬಂಧುವೊಬ್ಬರು ಕೊಟ್ಟ ಇಂಥದೇ ಕಟ್ಟಿನಲ್ಲಿ ಹಶೀಷ್ ಸಿಕ್ಕಿತು. ಅದರಲ್ಲಿ ಏನಿದೆ ಎಂದು ಇವರಿಗೆ ತಿಳಿದಿರಲಿಲ್ಲ. ಆದರೂ 10 ವರ್ಷಗಳ ಶಿಕ್ಷೆಯಾಯಿತು. ಮಗು ಹುಟ್ಟಿದ್ದೂ ಸೆರೆಮನೆಯಲ್ಲೇ. ನಮ್ಮ ಅಧಿಕಾರಿಗಳು ಇಲ್ಲಿ ತನಿಖೆ ಮಾಡಿ ನಿಜ ಹೊರಗೆಳೆದ ಮೇಲೆ 2021ರಲ್ಲಿ ಬಿಡುಗಡೆಯಾದರು. ಆದ್ದರಿಂದ ಕಟ್ಟನ್ನು ಬಿಚ್ಚಿ, ಕಣ್ಣಾರೆ ನೋಡಿ, ಕೈಯಾರೆ ಮತ್ತೆ ಕಟ್ಟಬೇಕು. ಬಿಚ್ಚಬೇಡ ಎನ್ನುವವರ ಕಟ್ಟು ನಮಗೆ ಬೇಡವೇ ಬೇಡ. ದಾಕ್ಷಿಣ್ಯಕ್ಕೆ ಬಸಿರಾದರೆ ಹೆರುವುದು ಯಾರು?

ಅಡಿಗೆಮನೆಯ ಸಾಮಾನಿನಲ್ಲೂ ಎಚ್ಚರ ಬೇಕು. ಪಾಯಸಕ್ಕೆ ಹಾಕುವ ಗಸಗಸೆ ನಮಗೆ ಸಾಮಾನ್ಯ ವಸ್ತು. ಸೌದಿಯಲ್ಲಿ, ಯುಎಇಯಲ್ಲಿ ಅದು ಮಾದಕ ಪದಾರ್ಥಗಳ ಸಾಲಿನದು, ಹಿಡಿಯಷ್ಟಿದ್ದರೂ ಕೇಸು. ಸಂಬಾರ ಪುಡಿಯಲ್ಲಿ ಸೇರಿಸುವ ಮನೆಯವರು ಇದನ್ನು ನೆನಪಿಡಬೇಕು. ಎಲೆ ಅಡಿಕೆ ಬಿಡಲಾರದ ಹಿರಿಯರೂ ಗಮನಿಸಬೇಕು, ವೀಳ್ಯದೆಲೆ ಯುಎಇಗೆ ನಿಷಿದ್ಧ. ಒಣ ಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲ ಸರಕೆಂದು ವಿಮಾನದವರು ತಡೆಯುತ್ತಾರೆ. ತೆಂಗಿನ ನಾಡಿನವರಿಗೆ ನಗು ಬಂದೀತು, ಆದರೆ ಗಾಣದ ಎಣ್ಣೆ ಕಂಡವರಿಗೆ ಅದರ ಕಾರಣ ತಿಳಿದೀತು.

ಪವರ್ ಬ್ಯಾಂಕು ದೊಡ್ಡ ಪೆಟ್ಟಿಗೆಗೆ ಹಾಕಬಾರದು, ಕೈಚೀಲದಲ್ಲೇ ಇರಬೇಕು. ತುಪ್ಪ, ಜೇನು, ಉಪ್ಪಿನಕಾಯಿ ಇದಕ್ಕೆ ತಿರುವುಮುರುವು. ಕೈಚೀಲದಲ್ಲಿ ದ್ರವ ಪದಾರ್ಥ 100 ಮಿ.ಲೀ. ಮೀರಿದ ಬಾಟಲಿಯಲ್ಲಿ ಇರುವಂತಿಲ್ಲ, ಆದ್ದರಿಂದ ಅವು ಭದ್ರವಾಗಿ ಮುಚ್ಚಿ ದೊಡ್ಡ ಪೆಟ್ಟಿಗೆಯಲ್ಲೇ ಹೋಗಬೇಕು. ಔಷಧಿ ಒಯ್ಯುವವರು ವೈದ್ಯರ ಚೀಟಿ ಇಟ್ಟುಕೊಂಡು, ಮಾತ್ರೆಗಳನ್ನು ಮೂಲ ಪೊಟ್ಟಣದಲ್ಲೇ ಒಯ್ಯಬೇಕು. ಟ್ರಮಡಾಲ್‌ನಂಥ ನೋವಿನ ಮಾತ್ರೆ, ಕೋಡೀನ್ ಇರುವ ಕೆಮ್ಮಿನ ಸಿರಪ್ಪು ಯುಎಇಗೆ ಒಯ್ಯಲು ಅಲ್ಲಿನ ಆರೋಗ್ಯ ಇಲಾಖೆಯ ಒಪ್ಪಿಗೆ ಮೊದಲೇ ಬೇಕು.

ನಡುರಾತ್ರಿಯ ಲೆಕ್ಕ

ಕೊಲ್ಲಿಯ ವಿಮಾನಗಳಲ್ಲಿ ಅನೇಕವು ರಾತ್ರಿ ಹೊತ್ತಿನವು. ಇಲ್ಲೇ ಒಂದು ದೊಡ್ಡ ಎಡವಟ್ಟು ಕಾದಿರುತ್ತದೆ. ಟಿಕೆಟ್ಟಿನಲ್ಲಿ 15ನೇ ತಾರೀಕು 00.40 ಎಂದಿದ್ದರೆ, ಮನೆಯವರೆಲ್ಲ 15ರ ರಾತ್ರಿ ಎಂದು ತಿಳಿದು ಅಂದು ಮಧ್ಯಾಹ್ನ ನೆಂಟರಿಗೆ ಊಟ ಹಾಕುತ್ತಿರುತ್ತಾರೆ. ವಿಮಾನ ಆಗಲೇ ಹೋಗಿ ಹನ್ನೆರಡು ಗಂಟೆಯಾಗಿರುತ್ತದೆ! 14ರ ರಾತ್ರಿ ಒಂಬತ್ತೂವರೆಗೆ ಕೆಂಜಾರಿನಲ್ಲಿ ಇರಬೇಕು ಎಂಬುದೇ ಅದರ ಅರ್ಥ. ಕುಂದಾಪುರದವರು ಆವತ್ತು ಸಂಜೆ ಆರಕ್ಕಿಂತ ಮೊದಲೇ ಮನೆ ಬಿಡಬೇಕು. ಬಸ್ಸಿನಲ್ಲಿ ಹೋಗುವವರು ಎಕ್ಸ್‌ಪ್ರೆಸ್ಸನ್ನೇ ಹಿಡಿಯಿರಿ. ಮಂಗಳೂರಲ್ಲಿ ಇಳಿದ ಮೇಲೂ ವಿಮಾನ ನಿಲ್ದಾಣಕ್ಕೆ ಹತ್ತು ಹನ್ನೆರಡು ಕಿಲೋಮೀಟರಿಗಿಂತ ಕಡಿಮೆ ಇಲ್ಲ ಎಂಬುದು ಲೆಕ್ಕದಲ್ಲಿರಲಿ. ಮಳೆಗಾಲದಲ್ಲಿ ಹೆದ್ದಾರಿ ಹೇಗಿರುತ್ತದೆಂದು ದಿನಾ ಓಡಾಡುವ ನಿಮಗೆ ನಾವು ಹೇಳಬೇಕೇ?

ಮೂರು ಗಂಟೆ ಮೊದಲು ಬನ್ನಿ ಎಂದು ವಿಮಾನದವರು ಹೇಳುವುದು ಸುಮ್ಮನೆ ಅಲ್ಲ. ಹೊರಡಲು ಒಂದು ಗಂಟೆ ಇರುವಾಗ ಸಾಮಾನ್ಯವಾಗಿ ಕೌಂಟರು ಮುಚ್ಚುತ್ತದೆ. ನಮ್ಮ ಬಸ್ಸಿನ ಹಾಗೆ ಕೈ ಅಡ್ಡ ಹಿಡಿದರೆ, ಸಿಳ್ಳೆ ಹೊಡೆದರೆ ವಿಮಾನ ನಿಲ್ಲುವುದಿಲ್ಲ.

ದುಡ್ಡು, ಫೋನು

ಭಾರತದ ನೋಟು ಹೊರಗೆ ಒಯ್ಯಲು ಮಿತಿ 25,000 ರೂ. ಅಲ್ಲಿನ ಸ್ವಲ್ಪ ಹಣವನ್ನು ಬ್ಯಾಂಕಿನಿಂದಲೋ ಲೈಸೆನ್ಸ್ ಇರುವ ವಿನಿಮಯ ಅಂಗಡಿಯಿಂದಲೋ ಪಡೆದು, ರಸೀದಿಯನ್ನು ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳಿ. ಹೆಚ್ಚು ಚಿನ್ನ ತೊಟ್ಟು ಹೋಗುವ ಹೆಂಗಸರು ಹೊರಡುವಾಗಲೇ ಕಸ್ಟಮ್ಸ್‌ನವರಿಂದ ಪ್ರಮಾಣಪತ್ರ ಪಡೆದರೆ ಹಿಂದಿರುಗುವಾಗ "ಇದು ನಮ್ಮದೇ" ಎಂದು ವಾದಿಸುವ ಪ್ರಮೇಯ ಬರುವುದಿಲ್ಲ. ದುಡಿಯಲು ಹೋಗುವವರು ತಮ್ಮ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ ಬದಲಿಸಬೇಕೆಂಬ ನಿಯಮವಿದೆ. ಬ್ಯಾಂಕಿಗೆ ಹೋದಾಗ ನಾಮಿನಿ ಹೆಸರು ಬರೆದಿದೆಯೇ ಎಂದೂ ಕೇಳಿ ಬನ್ನಿ.

ಫೋನಿನದು ಈ ಕಾಲದ ಹೊಸ ತಾಪತ್ರಯ. ಬ್ಯಾಂಕಿನ ಒಟಿಪಿ, ಆಧಾರದ ಒಟಿಪಿ ಎಲ್ಲ ಬರುವುದು ಊರಿನ ನಂಬರಿಗೆ. ರೋಮಿಂಗ್ ಮಾಡಿಸದೆ ವಿಮಾನ ಹತ್ತಿದರೆ ಅಲ್ಲಿ ಆ ನಂಬರು ಮೂಕ. ದುಡಿದ ಹಣ ಖಾತೆಯಲ್ಲಿದ್ದರೂ ತೆಗೆಯುವ ದಾರಿ ಇಲ್ಲ. ಹೊರಡುವ ಮೊದಲು ಹತ್ತು ನಿಮಿಷದ ಕೆಲಸ ಇದು. ಮರೆತರೆ ತಿಂಗಳುಗಟ್ಟಲೆ ಪರದಾಟ.

ಅಂಗಡಿಯವರಲ್ಲಿ ಒಂದು ಅರಿಕೆ

ಪೇಟೆಯ ವರ್ತಕ ಬಾಂಧವರು ಮನಸ್ಸು ಮಾಡಿದರೆ ಇದರಲ್ಲಿ ಬಹಳ ಸಹಾಯವಾದೀತು. ಹೊರಡುವ ಪ್ರತಿ ಹುಡುಗನೂ ಯಾವುದಾದರೂ ಅಂಗಡಿಯ ಮೆಟ್ಟಿಲು ಹತ್ತಿಯೇ ಹತ್ತುತ್ತಾನೆ. ಜೀನಸಿನವರು ಗಸಗಸೆ ಕೊಡುವಾಗ "ಊರಿಗೋ, ಹೊರದೇಶಕ್ಕೋ" ಎಂದು ಒಂದು ಮಾತು ಕೇಳಬಹುದು. ಜೆರಾಕ್ಸ್ ಅಂಗಡಿಯವರು ಪ್ರಿಂಟು ಕೊಡುವಾಗ "ಇದರಲ್ಲಿ ವಿಸಿಟ್ ಅಂತ ಉಂಟಲ್ಲ, ಕೆಲಸಕ್ಕೆ ಹೋಗುವುದಾ?" ಎಂದು ಎಚ್ಚರಿಸಬಹುದು. ಔಷಧಿ ಅಂಗಡಿಯವರು ಯಾವ ಮಾತ್ರೆ ಒಯ್ಯಬಾರದೆಂದು ಹೇಳಬಹುದು. ಇದಕ್ಕೆ ಖರ್ಚಿಲ್ಲ. ಗಿರಾಕಿ ಮಾತ್ರ ಜನ್ಮವಿಡೀ ನೆನೆಯುತ್ತಾನೆ.

ಮನೆಯವರು ಮಾಡಬೇಕಾದದ್ದೂ ಇದೆ. ಪಾಸ್‌ಪೋರ್ಟು, ವೀಸಾ, ಕರಾರು, ವಿಮೆ, ಟಿಕೆಟ್ಟು, ಈ ಐದರ ಪ್ರತಿ ಮನೆಯ ಕಪಾಟಿನಲ್ಲಿ ಇರಲಿ. ಧಣಿಯ ಹೆಸರು, ಕಂಪೆನಿಯ ವಿಳಾಸ, ಅಲ್ಲಿನ ಊರಿನವರೊಬ್ಬರ ಫೋನು ನಂಬರು ಒಂದು ಹಾಳೆಯಲ್ಲಿ ಬರೆದಿಡಿ. ಮಗ ಎಲ್ಲಿದ್ದಾನೆ ಎಂದು ಕೇಳಿದರೆ "ಗಲ್ಫಿನಲ್ಲಿ" ಎಂದಷ್ಟೇ ಹೇಳಬಲ್ಲ ತಾಯಂದಿರು ನಮ್ಮಲ್ಲಿ ಎಷ್ಟಿಲ್ಲ! ತೊಂದರೆ ಬಂದ ದಿನ ರಾಯಭಾರ ಕಚೇರಿಯವರು ಕೇಳುವುದು ಪಾಸ್‌ಪೋರ್ಟು ನಂಬರನ್ನೇ. ಹೊರಡುವ ಮೊದಲು ಸಂಶಯವಿದ್ದರೆ ವಿದೇಶ ಇಲಾಖೆಯ ಪ್ರವಾಸಿ ಭಾರತೀಯ ಸಹಾಯತಾ ಕೇಂದ್ರಕ್ಕೆ, 1800 11 3090 ನಂಬರಿಗೆ, ಫೋನು ಮಾಡಿ ಕೇಳಬಹುದು. ಕರೆಗೆ ದುಡ್ಡಿಲ್ಲ.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬಂತೆ ಎಲ್ಲವನ್ನೂ ಕೊನೆಯ ರಾತ್ರಿಗೆ ಇಟ್ಟುಕೊಂಡರೆ ಆಗುವುದು ಗಡಿಬಿಡಿಯೇ. ಕೊನೆಯ ದಿನ ಉಳಿಯಬೇಕಾದದ್ದು ಪೆಟ್ಟಿಗೆ ಕಟ್ಟುವ ಕೆಲಸ, ದೇವರಿಗೆ ದೀಪ ಇಡುವ ಕೆಲಸ, ಹಿರಿಯರ ಕಾಲಿಗೆ ಬೀಳುವ ಕೆಲಸ. ಕಾಗದ ಓದುವ ಕೆಲಸ ಒಂದು ತಿಂಗಳು ಮೊದಲೇ ಮುಗಿದಿರಬೇಕು. ಅದರಲ್ಲಿ ಸಂಶಯ ಕಂಡರೆ ಹೊರಡದೆ ಉಳಿಯುವ ಧೈರ್ಯವೂ ಬೇಕು. ಊರಿನವರು ನಾಲ್ಕು ದಿನ ನಕ್ಕಾರು, ಐದನೆಯ ದಿನ ಮರೆತಾರು. ಅಡವಿಟ್ಟ ಚಿನ್ನವನ್ನು ಇಲ್ಲೇ ದುಡಿದಾದರೂ ಬಿಡಿಸಿಕೊಳ್ಳಬಹುದು. ಪರದೇಶದ ಪೊಲೀಸು ಠಾಣೆಯಲ್ಲಿ ಕೂತ ಮಗನನ್ನು ಬಿಡಿಸಿ ತರುವುದು ಅಷ್ಟು ಸುಲಭವಲ್ಲ.